ಹಿಮದ ದಾರಿಯ ಕುಂಟೆ, ಸಾಸವಡದ ಮುರುಮಿನ ಮೇಲೆ

ನನ್ನ ಹೆಂಡತಿಯ ಅಣ್ಣ ಪುಣೆ ಹತ್ತಿರದ ಸಾಸವಡದ ಆಚೆ ಅಂಜೂರದ ತೋಟ ಮಾಡಿಕೊಂಡಿದ್ದಾರೆ. ಡಾಂಬರು ರಸ್ತೆಯಿಂದ ತೋಟಕ್ಕೆ 2.2 ಕಿಲೋಮೀಟರ್ ಮುರುಮಿನ ದಾರಿ. ನಮ್ಮೂರ ಕಡೆ ಗರಸು ಅನ್ನುತ್ತೇವೆ, ಇಲ್ಲಿ ಎಲ್ಲರೂ ಮುರುಮು ಅನ್ನುತ್ತಾರೆ. ಹೋದ ವರ್ಷ ಮಾರ್ಚಿನಲ್ಲಿ ಆ ದಾರಿ ಎಷ್ಟು ಕೆಟ್ಟಿತ್ತು ಅಂದರೆ, ಬೆಳಿಗ್ಗೆ ಐದಕ್ಕೆ ಕಿತ್ತು, ಎಲೆ ಹಾಸಿ, ಬುಟ್ಟಿಯಲ್ಲಿ ಒಂದೊಂದಾಗಿ ಜೋಡಿಸಿಟ್ಟ ಹಣ್ಣು ಡಾಂಬರು ಮುಟ್ಟುವಷ್ಟರಲ್ಲಿ ಒಂದಕ್ಕೊಂದು ಬಡಿದು ಸಿಪ್ಪೆ ಸೀಳಿ ರಸ ಬಿಡುತ್ತಿತ್ತು. ಸಾಸವಡ ಇರುವ ಪುರಂದರ ತಾಲೂಕಿನ ಅಂಜೂರಕ್ಕೆ 2016ರಲ್ಲಿ ಜಿಐ ಟ್ಯಾಗ್, ಅಂದರೆ ಈ ಬೆಳೆ ಈ ನೆಲದ್ದೇ ಅನ್ನುವ ಗುರುತು, ಸಿಕ್ಕಿದೆ. ಹೆಸರಿದೆ, ಬೆಲೆಯೂ ಇದೆ. ಆದರೆ ಆ ಹಣ್ಣಿನ ಸಿಪ್ಪೆ ತುಂಬಾ ತೆಳು. ಸೀಳಿದ ಹಣ್ಣನ್ನು ಮಾರ್ಕೆಟ್ಟಿನಲ್ಲಿ ಯಾರೂ ಮುಟ್ಟುವುದಿಲ್ಲ. ವರ್ಷವೆಲ್ಲ ನೀರು, ಗೊಬ್ಬರ ಹಾಕಿ ಬೆಳೆಸಿದ್ದು ಕೊನೆಯ ಎರಡು ಕಿಲೋಮೀಟರಿನಲ್ಲಿ ಹಾಳಾಗುವುದನ್ನು ನೋಡಲಿಕ್ಕೆ ಆಗುತ್ತಿರಲಿಲ್ಲ.

ತೊಂದರೆ ಗುಂಡಿಗಳದ್ದಲ್ಲ. ಗುಂಡಿ ಇದ್ದರೆ ತಪ್ಪಿಸಿ ಹೋಗಬಹುದು. ಇಲ್ಲಿ ಇದ್ದದ್ದು ಅಡ್ಡಡ್ಡ ಅಲೆ, ಮನೆಯ ಮೇಲೆ ಹಾಕುವ ಪತ್ರಾವನ್ನು ದಾರಿಗೇ ಹಾಸಿದ ಹಾಗೆ. ಟೇಪ್ ಹಿಡಿದು ಅಳೆದೆ. ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ 70 ಸೆಂ.ಮೀ., ಆಳ ಐದೂವರೆ ಸೆಂ.ಮೀ. ದಾರಿಯ ಅಗಲ 3.2 ಮೀಟರ್, ಅಷ್ಟೂ ಅಗಲಕ್ಕೆ ಇದೇ ಕಥೆ. ಪ್ರತಿ ವರ್ಷ ಜೆಸಿಬಿ ಕರೆಸಿ ಬಕೆಟ್ಟಿನ ಹಿಂಬದಿಯಿಂದ ಎಳೆಸುತ್ತಿದ್ದರು. ಆ ದಿನ ನೋಡಲಿಕ್ಕೆ ಚಂದ. ಮೂರು ವಾರಕ್ಕೆ ಅಲೆ ಅದೇ ಜಾಗದಲ್ಲಿ ವಾಪಸ್.

ಈ ಅಲೆಯನ್ನು ನಾನು ಮೊದಲು ಬೇರೆ ಕಡೆ ನೋಡಿದ್ದೆ. ಮುರುಮಿನ ಮೇಲಲ್ಲ, ಹಿಮದ ಮೇಲೆ.

ಅಕ್ಕನ ಮಗ ಅಮೆರಿಕದ ಮಿಶಿಗನ್ ಟೆಕ್‌ನಲ್ಲಿ ಓದುತ್ತಿದ್ದಾಗ ಒಂದು ಫೆಬ್ರವರಿಯಲ್ಲಿ ಅಕ್ಕನ ಜೊತೆ ನಾನೂ ಹೋಗಿದ್ದೆ. ಊರು ಹೋಟನ್. ಲೇಕ್ ಸುಪೀರಿಯರ್ ಅನ್ನುವ ದೊಡ್ಡ ಸರೋವರದೊಳಗೆ ಚಾಚಿಕೊಂಡ ಕೀವಿನಾ ಅನ್ನುವ ನೆಲದ ಮೇಲಿದೆ. ಸರೋವರದ ಮೇಲಿಂದ ಬರುವ ತಣ್ಣನೆ ಗಾಳಿ ನೀರಿನ ಪಸೆ ಎತ್ತಿಕೊಂಡು ಬಂದು ಅಲ್ಲಿ ಹಿಮವಾಗಿ ಸುರಿಯುತ್ತದೆ. ಒಂದು ಚಳಿಗಾಲಕ್ಕೆ 5 ಮೀಟರಿಗೂ ಜಾಸ್ತಿ. 1978-79ರಲ್ಲಿ 390.4 ಇಂಚು ಬಿದ್ದಿತ್ತಂತೆ, ಅಂದರೆ ಹತ್ತಿರ ಹತ್ತಿರ 10 ಮೀಟರ್. ಅದನ್ನು ತೋರಿಸಲು ರಸ್ತೆ ಪಕ್ಕ ಒಂದು ಎತ್ತರದ ಅಳತೆಪಟ್ಟಿಯನ್ನೇ ನಿಲ್ಲಿಸಿದ್ದಾರೆ. ಅಲ್ಲಿಯ ಜನಕ್ಕೆ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿ ಅಂದರೆ ನಮ್ಮ ಹಳ್ಳಿಗಳಲ್ಲಿ ಬೈಕ್ ಇದ್ದ ಹಾಗೆ. ಕೆನಡಾದ ಕ್ವಿಬೆಕ್‌ನ ಬೊಂಬಾರ್ಡಿಯೆ ಕಂಪನಿ 1959ರಲ್ಲಿ ಸ್ಕಿ-ಡೂ ಅನ್ನುವ ಸಣ್ಣ ಸ್ನೋಮೊಬೈಲ್ ತಂದ ಮೇಲೆ ಅದು ಮನೆಮನೆಗೂ ಬಂತು. ಈಗ ಮಿಶಿಗನ್ ರಾಜ್ಯವೊಂದರಲ್ಲೇ ಸ್ನೋಮೊಬೈಲಿಗೆ ಅಂತ 6,000 ಮೈಲಿಗೂ ಹೆಚ್ಚು ದಾರಿ ಇದೆ. ಡಿಸೆಂಬರ್ 1ರಿಂದ ಮಾರ್ಚ್ 31ರ ತನಕ ಆ ದಾರಿಗಳನ್ನು ಹದವಾಗಿಡುವ ಕೆಲಸ ಬಹುಪಾಲು ಊರ ಊರ ಕ್ಲಬ್ಬುಗಳದ್ದು. ಗಾಡಿ ಇರುವವರು ಪರ್ಮಿಟ್ ಸ್ಟಿಕ್ಕರ್ ಕೊಳ್ಳುತ್ತಾರೆ, ಆ ದುಡ್ಡಿನಿಂದ ಡೀಸೆಲ್ಲು, ಬ್ಲೇಡು.

ಆ ಹುಡುಗನ ಮನೆ ಮಾಲೀಕರು ಅಂಥದ್ದೊಂದು ಕ್ಲಬ್ಬಿನವರು. ನಾನು ಪುಣೆಯ ಭೋಸರಿಯಲ್ಲಿ ಕಬ್ಬಿಣದ ಫ್ಯಾಬ್ರಿಕೇಶನ್ ಮಾಡುವವನು ಅಂತ ಗೊತ್ತಾದ ಮೇಲೆ ಶೆಡ್ಡಿಗೆ ಕರೆದುಕೊಂಡು ಹೋಗಿ ತೋರಿಸಿದರು. ರಬ್ಬರ್ ಪಟ್ಟದ ಮೇಲೆ ಓಡುವ ಎಳೆಯುವ ಯಂತ್ರ ನೋಡಿದೆ, ಸರಿ. ನನ್ನ ಕಣ್ಣು ಹೋಗಿದ್ದು ಅದರ ಹಿಂದೆ ಇದ್ದ ಡ್ರ್ಯಾಗ್ ಮೇಲೆ, ಅಂದರೆ ಎಳೆದುಕೊಂಡು ಹೋಗಿ ದಾರಿ ಸಮ ಮಾಡುವ ಚೌಕಟ್ಟಿನ ಮೇಲೆ. ಟೇಪ್ ಹಾಕಿ ಅಳೆದುಕೊಂಡೆ. ಸುಮಾರು 7 ಮೀಟರ್ ಉದ್ದ, 2.6 ಮೀಟರ್ ಅಗಲ. ಎರಡು ಬದಿಗೆ ನೆಲದ ಮೇಲೆ ಜಾರುವ ಉದ್ದನೆಯ ತೊಲೆ, ಅದಕ್ಕೆ ಸ್ಕಿಡ್ ಅನ್ನುತ್ತಾರೆ. ನಡುವೆ ಓರೆಯಾಗಿ ಕೂರಿಸಿದ ಬ್ಲೇಡುಗಳ ಸಾಲು, ಒಂದು ಎಡಕ್ಕೆ ನೂಕಿದರೆ ಮುಂದಿನದು ಬಲಕ್ಕೆ ನೂಕುವ ಹಾಗೆ. ಕಟ್ಟಕಡೆಗೆ ಮುಂಭಾಗ ಮೇಲಕ್ಕೆ ಬಾಗಿದ ಅಗಲದ ತಟ್ಟೆ. ಅದಕ್ಕೆ ಪ್ಯಾನ್ ಅನ್ನುತ್ತಾರೆ.

ಇದರ ಉದ್ದದಲ್ಲೇ ಎಲ್ಲಾ ಇದೆ. ಸ್ನೋಮೊಬೈಲ್ ಓಡಿ ಓಡಿ ದಾರಿಯಲ್ಲಿ ಉಬ್ಬು ಎದ್ದಿರುತ್ತದೆ, ಅವರು ಮೊಗಲ್ ಅನ್ನುತ್ತಾರೆ. ಗಿಡ್ಡ ಬ್ಲೇಡ್ ಎಳೆದರೆ ಅದು ಉಬ್ಬಿನ ಮೇಲೆ ಏರಿ ತಗ್ಗಿಗೆ ಇಳಿಯುತ್ತದೆ, ಉಬ್ಬು ಹಾಗೇ ಉಳಿಯುತ್ತದೆ. ಜೆಸಿಬಿಯ ಬಕೆಟ್ ನಮ್ಮಲ್ಲಿ ಮಾಡುತ್ತಿದ್ದದ್ದೂ ಇದೇ. ಉದ್ದದ ಚೌಕಟ್ಟು ಒಂದೇ ಸಲ ಹಲವು ಉಬ್ಬುಗಳ ಮೇಲೆ ಕೂರುತ್ತದೆ. ಹಾಗಾಗಿ ಬ್ಲೇಡು ಉಬ್ಬನ್ನಷ್ಟೇ ಕತ್ತರಿಸುತ್ತದೆ. ಕತ್ತರಿಸಿದ ಹಿಮ ಒಂದು ಬ್ಲೇಡಿನಿಂದ ಇನ್ನೊಂದಕ್ಕೆ ಉರುಳಿ ಪುಡಿಯಾಗುತ್ತದೆ, ಪ್ಯಾನ್ ಅದನ್ನು ಒತ್ತುತ್ತದೆ. ಆಗಷ್ಟೇ ಬಿದ್ದ ಹಿಮ ಒಂದು ಘನಮೀಟರಿಗೆ 100 ಕಿಲೋ ಆಸುಪಾಸು, ಎಷ್ಟೋ ಸಲ ಅದಕ್ಕೂ ಕಡಿಮೆ. ಚೆನ್ನಾಗಿ ಹದ ಮಾಡಿದ ದಾರಿಯಲ್ಲಿ ಅದು 400 ಕಿಲೋ ದಾಟುತ್ತದೆ.

ರಾತ್ರಿಯೇ ಯಾಕೆ ಓಡಿಸುತ್ತಾರೆ ಅಂತ ಕೇಳಿದೆ. ಜನ ಇರುವುದಿಲ್ಲ ಅನ್ನುವುದು ಒಂದು. ದೊಡ್ಡ ಕಾರಣ ಬೇರೆ. ಪುಡಿ ಮಾಡಿದ ಹಿಮದ ಕಣಗಳು ಒಂದಕ್ಕೊಂದು ತಾಗಿಕೊಂಡು ಸುಮ್ಮನೆ ಕೂತರೆ, ತಾಗಿದ ಜಾಗದಲ್ಲಿ ಬೆಸೆದುಕೊಳ್ಳುತ್ತವೆ. ನಾವು ವೆಲ್ಡಿಂಗಿನಲ್ಲಿ ಚುಕ್ಕೆಯಷ್ಟು ಟ್ಯಾಕ್ ಹಾಕಿದ ಹಾಗೆ, ಆದರೆ ಕರಗದೆಯೇ. ಸಂಜೆ ತಣ್ಣಗಾಗತೊಡಗಿದಾಗ ಕೆತ್ತಿ ಒತ್ತಿಟ್ಟರೆ ಬೆಳಗಾಗುವಷ್ಟರಲ್ಲಿ ಕಲ್ಲಿನ ಹಾಗೆ. ಕಡಿಮೆ ಅಂದರೂ 2 ಗಂಟೆ, ಸಾಧ್ಯವಾದರೆ 6ರಿಂದ 10 ಗಂಟೆ ಯಾರೂ ಮೇಲೆ ಹಾಯಬಾರದು. ಹಾಯ್ದರೆ ಇಡೀ ರಾತ್ರಿಯ ಡೀಸೆಲ್ ದಂಡ. ಇದನ್ನು ಆ ಹಿರಿಯರು ಮೂರು ಸಲ ಹೇಳಿದರು. ಆವತ್ತು ಸಂಜೆ ಕಿಟಕಿಯಿಂದ ನೋಡಿದೆ, ಹಳದಿ ದೀಪ ತಿರುಗಿಸುತ್ತಾ ಆ ಯಂತ್ರ ಮರಗಳ ನಡುವೆ ನಮ್ಮ ಎತ್ತಿನ ಗಾಡಿಗಿಂತ ಸ್ವಲ್ಪವೇ ಜೋರಾಗಿ ಹೋಗುತ್ತಿತ್ತು.

ಇಲ್ಲಿ ಭಾವನ ತೋಟದ ದಾರಿಯಲ್ಲಿ ಕೂತು ಅಲೆ ಅಳೆಯುವಾಗ ಅದೆಲ್ಲ ತಲೆಗೆ ಬಂತು. ಇನ್ನೊಂದೂ ನೆನಪಾಯಿತು. ಅಥಣಿ ಕಡೆಯ ನಮ್ಮ ಹೊಲದಲ್ಲಿ ಅಪ್ಪ ಹೊಡೆಯುತ್ತಿದ್ದ ಕುಂಟೆ. ಅದರ ಕುಡ, ಅಂದರೆ ಅಡ್ಡ ಅಲಗು, ನೆಲದ ಸಿಪ್ಪೆಯನ್ನು ಅಡಿಯಿಂದ ಎಬ್ಬಿಸುತ್ತದೆ, ಆಮೇಲೆ ಕೊರಡು ಹೊಡೆದು ಹೆಂಟೆ ಒಡೆದು ಸಮ ಮಾಡುತ್ತಾರೆ. ಹಿಮದ ಡ್ರ್ಯಾಗ್ ಅಂದರೆ ಒಂದರ ಹಿಂದೆ ಒಂದು ಕಟ್ಟಿದ ಕುಂಟೆಗಳು, ಕೊನೆಗೆ ಒಂದು ಕೊರಡು. ಮಣ್ಣಿನ ದಾರಿಗೂ ಇದು ಹೊಸದಲ್ಲ. ಮಿಸೌರಿಯ ರೈತ ಡಿ. ವಾರ್ಡ್ ಕಿಂಗ್ ಮರದ ದಿಮ್ಮಿಯನ್ನು ಸೀಳಿ, ಎರಡು ಹೋಳನ್ನು ಹಿಂದೆ ಮುಂದೆ ಜೋಡಿಸಿ ಕುದುರೆ ಕಟ್ಟಿ ಎಳೆಸುತ್ತಿದ್ದ, ಅದೂ ಮಳೆ ನಿಂತ ಮೇಲೆ ದಾರಿ ಇನ್ನೂ ಹಸಿಯಾಗಿದ್ದಾಗ. 1908ರಲ್ಲಿ ಅಮೆರಿಕದ ಕೃಷಿ ಇಲಾಖೆ ಅದರ ಮೇಲೆ ರೈತರಿಗೆ ಅಂತ ಒಂದು ಪುಸ್ತಿಕೆಯನ್ನೇ ಹಂಚಿತು.

ದಾರಿಯ ಮೇಲೆ 11 ಮನೆ. ಮನೆಗೆ 3,000 ಕೊಡಿ, ಕೂಲಿ ನನ್ನದು ಅಂದೆ. 33,000 ಕೂಡಿತು.

ಏಪ್ರಿಲ್ ತಿಂಗಳ ಭಾನುವಾರಗಳು ಇದಕ್ಕೇ ಹೋದವು. ಭೋಸರಿಯ ಶೆಡ್ಡಿನಲ್ಲಿ ನಾನು ಮತ್ತು ವಿಜಯಪುರ ಜಿಲ್ಲೆಯ ಇಂಡಿ ಊರಿನ ಶಿವಪ್ಪ ಕಾಕಾ, ಇಬ್ಬರೇ. ಕಾಕಾ ಮೂವತ್ತು ವರ್ಷದಿಂದ ಪುಣೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದಾರೆ. ನೆಲದ ಮೇಲೆ ಸೀಮೆಸುಣ್ಣದಿಂದ ಪೂರ್ತಿ ಅಳತೆಗೆ ಡ್ರಾಯಿಂಗ್ ಹಾಕಿದೆ. ಅದರ ಸುತ್ತ ಒಂದು ಸುತ್ತು ಬಂದು ಅಂದರು, "ತಮ್ಮಾ, ಇದು ಕುಂಟಿ ಮತ್ತ ಕೊರಡ ಕೂಡಿಸಿದ್ದೈತಲ್ಲೋ." ಹೌದ್ರಿ ಕಾಕಾ, ಹಿಮದ ನಾಡಿಂದು ಅಂದೆ. ಮುಂದೆ ಡ್ರಾಯಿಂಗಿನ ಬಗ್ಗೆ ಅವರು ಏನೂ ಕೇಳಲಿಲ್ಲ, ಕೆಲಸ ಪೂರ್ತಿ ತಿಳಿದವರ ಹಾಗೆ ಕಟಿಂಗ್ ಶುರು ಮಾಡಿದರು.

ಅಳತೆ ಹೀಗೆ. ಸ್ಕಿಡ್ ಎರಡೂ 100 ಎಂಎಂ ಕಬ್ಬಿಣದ ಚಾನಲ್, ಒಂದೊಂದು 4.2 ಮೀಟರ್. ಅಲೆ 70 ಸೆಂ.ಮೀ.ಗೆ ಒಂದು ಇರುವುದರಿಂದ ಚೌಕಟ್ಟು ಯಾವಾಗಲೂ ಆರು ಉಬ್ಬಿನ ಮೇಲೆ ಕೂತಿರುತ್ತದೆ, 7 ಮೀಟರ್ ಬೇಕಿಲ್ಲ. ಅಷ್ಟುದ್ದ ಆದರೆ ನಮ್ಮ ತಿರುವುಗಳಲ್ಲಿ ತಿರುಗುವುದೂ ಇಲ್ಲ. ಬ್ಲೇಡಿಗೆ ರಸ್ತೆ ಕಂಟ್ರಾಕ್ಟರ್ ಒಬ್ಬರ ಅಂಗಳದಲ್ಲಿ ರಸ್ತೆ ಸಮ ಮಾಡುವ ಗ್ರೇಡರ್ ಯಂತ್ರದ ಸವೆದ ಎರಡು ಬ್ಲೇಡ್ ಭಂಗಾರದ, ಅಂದರೆ ಗುಜರಿಯ, ರೇಟಿಗೆ ಸಿಕ್ಕವು, ಕಿಲೋಗೆ 42 ರೂಪಾಯಿ. ಆರು ಅಡಿ ಉದ್ದ, ಅಂದರೆ 1.83 ಮೀಟರ್. 25 ಡಿಗ್ರಿ ಓರೆ ಕೂರಿಸಿದರೆ ಅಡ್ಡಕ್ಕೆ 1.66 ಮೀಟರ್ ಹಿಡಿಯುತ್ತದೆ, ಹಾಗಾಗಿ ಸ್ಕಿಡ್ಡುಗಳ ನಡುವಿನ ಜಾಗ ಅಷ್ಟೇ ಇಟ್ಟೆ. ಎರಡು ಸಲ ಹೋದರೆ 3.2 ಮೀಟರಿನ ದಾರಿ ಮುಗಿಯುತ್ತದೆ, ನಡುವೆ ಒಂದಿಷ್ಟು ಒಂದರ ಮೇಲೊಂದು ಬರುತ್ತದೆ. ಹಿಂದಿನ ಪ್ಯಾನ್ 8 ಎಂಎಂ ಪ್ಲೇಟು. ಮುಂದಿನ ಅಂಚನ್ನು ಪ್ಲೇಟು ಬಗ್ಗಿಸುವ ಪ್ರೆಸ್ ಬ್ರೇಕ್ ಯಂತ್ರದಲ್ಲಿ ಸ್ವಲ್ಪ ಸ್ವಲ್ಪವೇ ಬಗ್ಗಿಸಿ ಗುಂಡಗೆ ಮಾಡಿದೆವು, ಚೂಪು ಮಡಿಕೆ ಬಿದ್ದರೆ ಮುರುಮು ಅಲ್ಲೇ ಗುಡ್ಡೆಯಾಗುತ್ತದೆ. ಸ್ಕಿಡ್ಡಿನ ಅಡಿಗೆ 12 ಎಂಎಂ ಪಟ್ಟಿ, ಸವೆದರೆ ಬಿಚ್ಚಿ ಬೇರೆ ಹಾಕಲಿಕ್ಕೆ ಬರುವ ಹಾಗೆ ಬೋಲ್ಟಿನಲ್ಲಿ.

ಇನ್ನು ಬ್ಲೇಡಿನ ವಿಷಯ. ಇದನ್ನು ಬಿಡಿಸಿ ಹೇಳಬೇಕು, ಯಾಕಂದರೆ ಇದೇ ತಪ್ಪನ್ನು ಬೇರೆಯವರು ಮಾಡುವುದನ್ನೂ ನೋಡಿದ್ದೇನೆ. ಬ್ಲೇಡ್ ಹಿಡಿಯಲು 75 ಎಂಎಂ ಆ್ಯಂಗಲ್ ಇಟ್ಟಿದ್ದೆವು. ಬ್ಲೇಡಿನಲ್ಲಿ ಹೋಲ್ ಇದ್ದವು, ಆದರೆ ಆ್ಯಂಗಲ್ಲಿನಲ್ಲಿ ಅದೇ ಅಳತೆಗೆ ಹೋಲ್ ಹಾಕಿ ಬೋಲ್ಟ್ ಹುಡುಕುವ ಬದಲು ಮೊದಲ ಬ್ಲೇಡನ್ನು ನೇರ ವೆಲ್ಡ್ ಮಾಡಿಬಿಡೋಣ ಅಂತ ನಾನೇ ಹೇಳಿದೆ. ಕಾಕಾ ಬೇಡ ಅಂದರು, ಅದು ಸಾದಾ ಕಬ್ಬಿಣ ಅಲ್ಲ ಅಂದರು. ನಾನು ಕೇಳಲಿಲ್ಲ. ಸಾದಾ ಕಬ್ಬಿಣಕ್ಕೆ ಬಳಸುವ 6013 ವೆಲ್ಡಿಂಗ್ ರಾಡಿನಲ್ಲಿ ಹಾಕಿದೆವು, ವೆಲ್ಡಿನ ಮಣಿ ಸಾಲಾಗಿ ಚೆನ್ನಾಗಿಯೇ ಬಂತು. ಚಹಾ ಕುಡಿಯಲು ಕೂತಿದ್ದೇವೆ, ಗ್ಲಾಸ್ ಅರ್ಧ ಆಗಿದೆ, ಹಿಂದಿನಿಂದ "ಟಣ್" ಅಂತ ಒಂದೇ ಸದ್ದು. ಎದ್ದು ಹೋಗಿ ನೋಡಿದರೆ ಮಣಿಗೆ ಎರಡು ಎಂಎಂ ಪಕ್ಕದಲ್ಲಿ, ಬ್ಲೇಡಿನ ಮೈಯಲ್ಲೇ, ಕೂದಲೆಳೆಯಂಥ ಬಿರುಕು. ಉಗುರಿನಿಂದ ಎಳೆದರೆ ಸಿಗುತ್ತದೆ, ಕಣ್ಣಿಗೆ ಓರೆ ಬೆಳಕಿನಲ್ಲಿ ಮಾತ್ರ ಕಾಣುತ್ತದೆ. ನಾವು ನೋಡುತ್ತಿರುವಾಗಲೇ ಇನ್ನೊಂದು ಸಲ ಸದ್ದಾಯಿತು, ಬಿರುಕು ಒಂದು ಗೇಣು ಮುಂದೆ ಹೋಯಿತು. ಗ್ರೇಡರ್ ಬ್ಲೇಡಿನಲ್ಲಿ ಕಾರ್ಬನ್ ಜಾಸ್ತಿ. ವೆಲ್ಡಿನ ಬಿಸಿಗೆ ಕಾದ ಜಾಗದ ಶಾಖವನ್ನು ಪಕ್ಕದ ದಪ್ಪ ತಣ್ಣನೆ ಉಕ್ಕು ಗಬಕ್ಕನೆ ಎಳೆದುಕೊಳ್ಳುತ್ತದೆ. ಆ ಜಾಗ ಗಾಜಿನ ಹಾಗೆ ಗಡುಸಾಗಿ, ಮಣಿ ಕುಗ್ಗುವ ಎಳೆತಕ್ಕೆ ಸೀಳುತ್ತದೆ. ಮೊದಲೇ ಕಾಯಿಸಿ, ಒಣಗಿಸಿದ 7018 ರಾಡ್ ಹಾಕಿ, ನಿಧಾನ ಆರಿಸಿದರೆ ನಿಲ್ಲಬಹುದು. ಆದರೆ ಬ್ಲೇಡ್ ಸವೆಯುವ ವಸ್ತು, ಬದಲಿಸಬೇಕಾದ್ದನ್ನು ವೆಲ್ಡ್ ಮಾಡುವುದೇ ತಪ್ಪು.

ಬಿರುಕು ಬಿಟ್ಟಿದ್ದನ್ನು ವಾಪಸ್ ಭಂಗಾರಕ್ಕೆ ಹಾಕಿ ಇನ್ನೊಂದು ತಂದೆವು. ಈ ಸಲ ಚೌಕ ಕುತ್ತಿಗೆಯ ಪ್ಲೋ ಬೋಲ್ಟ್, ಐದು-ಎಂಟನೇ ಇಂಚು, ತಲೆ ಬ್ಲೇಡಿನೊಳಗೆ ಮುಳುಗುವಂಥದ್ದು. ತಲೆ ಹೊರಗಿದ್ದರೆ ನಾಲ್ಕು ದಿನಕ್ಕೆ ಸವೆದು ಬೋಲ್ಟ್ ಉದುರುತ್ತದೆ. ಆ್ಯಂಗಲ್ಲನ್ನು ಹಿಡಿಯುವ ಪ್ಲೇಟಿನಲ್ಲಿ ಮೇಲೆ ಕೆಳಗೆ ನಾಲ್ಕು ಹೋಲ್ ಹಾಕಿದೆವು, ಬ್ಲೇಡನ್ನು ಏರಿಸಿ ಇಳಿಸಲಿಕ್ಕೆ. ಸಣ್ಣ ವ್ಯತ್ಯಾಸಕ್ಕೆ ತೆಳು ಪ್ಯಾಕಿಂಗ್. ಹಿಂದೆ ಎರಡು ಹಳೆ ಟೆಂಪೋ ಗಾಲಿ, ಅವನ್ನು ಇಳಿಸಿ ಡ್ರ್ಯಾಗ್ ಎತ್ತಲು ಮಂಗಳವಾರ ಪೇಟೆಯ ಜುನಾ ಬಜಾರಿನಿಂದ ತಂದ ಲಾರಿಯ ಸ್ಕ್ರೂ ಜ್ಯಾಕ್. ಅಲ್ಲಿ ಭಾನುವಾರ, ಬುಧವಾರ ಸಂತೆ. ಬೆಳಿಗ್ಗೆ ಎಂಟರೊಳಗೆ ಹೋದರೆ ಒಳ್ಳೆಯದು ಸಿಗುತ್ತದೆ.

ಒಟ್ಟು ತೂಕ ಸುಮಾರು 450 ಕಿಲೋ. ಸಾಮಾನಿಗೆ 30,100, ದಿವೆ ಘಾಟ್ ಹತ್ತಿಸಿ ತಂದ ಟೆಂಪೋಗೆ 2,800. ಕೈಯಲ್ಲಿ 100 ಉಳಿಯಿತು.

ಏಪ್ರಿಲ್ ಕೊನೆಯ ಭಾನುವಾರ ಮೊದಲ ಸಲ ಎಳೆದೆವು. ಪಕ್ಕದ ತೋಟದ ದತ್ತಾಭಾವು ಅವರ 35 ಎಚ್‌ಪಿ ಟ್ರ್ಯಾಕ್ಟರ್. ಕೆಲಸ ಆಗಲಿಲ್ಲ. ಬ್ಲೇಡು ಒಣ ಮುರುಮಿನ ಮೇಲೆ ಕಿರ್ ಅಂತ ಜಾರಿಕೊಂಡು ಹೋಯಿತು, ಸಡಿಲ ಪುಡಿಯನ್ನು ಮಾತ್ರ ತಗ್ಗಿಗೆ ತುಂಬಿತು. ನೋಡಲಿಕ್ಕೆ ಸಮ. ಒಂದು ವಾರಕ್ಕೆ ಗಾಲಿಗಳು ಆ ಪುಡಿಯನ್ನು ಎತ್ತಿ ಎಸೆದು ಅಲೆ ಮತ್ತೆ ಮೇಲೆ ಬಂತು. ಬರಲೇಬೇಕು, ಅಡಿಯಲ್ಲಿ ಅದರ ಅಚ್ಚು ಹಾಗೇ ಗಟ್ಟಿಯಾಗಿ ಕೂತಿತ್ತು. ಉಬ್ಬನ್ನು ಅದರ ತಳದ ತನಕ ಕತ್ತರಿಸಬೇಕು, ಮೇಲೆ ಮಣ್ಣು ತುಂಬಿಸಿ ಮುಚ್ಚಿದರೆ ನಿಲ್ಲುವುದಿಲ್ಲ. ಹಿಮದ ಮೊಗಲ್‌ಗೂ ಇದೇ ಮಾತು.

ಜೊತೆಗೆ ಎರಡು ಬೇರೆ ತೊಂದರೆ. ಡ್ರ್ಯಾಗ್ ಏಡಿಯ ಹಾಗೆ ಎಡಕ್ಕೆ ಅಡ್ಡಡ್ಡ ಸರಿಯುತ್ತಿತ್ತು. ಮುಂದಿನ ಬ್ಲೇಡೇ ಎಲ್ಲಾ ಭಾರ ಹೊರುತ್ತಿತ್ತು, ಹಿಂದಿನದಕ್ಕೆ ಕೆಲಸವೇ ಇರಲಿಲ್ಲ, ಹಾಗಾಗಿ ಎದುರು ನೂಕುವವರು ಯಾರೂ ಇಲ್ಲ. ಮುಂದಿನದನ್ನು ಒಂದು ಹೋಲ್ ಏರಿಸಿ ಹಿಂದಿನದನ್ನು ಪ್ಯಾಕಿಂಗ್ ಹಾಕಿ ಇಳಿಸಿದ ಮೇಲೆ ನೆಟ್ಟಗೆ ಬಂತು. ಇನ್ನೊಂದು ವೇಗದ್ದು. ದತ್ತಾಭಾವು ಬೇಗ ಮುಗಿಸೋಣ ಅಂತ ಗಂಟೆಗೆ 12 ಕಿಲೋಮೀಟರಿನಂತೆ ಎಳೆದಾಗ ಬ್ಲೇಡು ಅದುರಿ ತಾನೇ ಸಣ್ಣ ಅಲೆ ಬಿಟ್ಟುಕೊಂಡು ಹೋಯಿತು. ಹಿಮದ ಮೇಲೆ ಅವರು 8ರಿಂದ 15ರ ಒಳಗೆ ಓಡಿಸುತ್ತಾರೆ, ಆದರೆ ಅದು ಹಿಮ. ನಮ್ಮ ಮುರುಮಿಗೆ 5 ಸಾಕು. "ಹಳೂ, ಭಾವೂ, ಹಳೂ", ನಿಧಾನ ನಿಧಾನ ಅಂತ ಮರಾಠಿಯಲ್ಲಿ, ಪಕ್ಕದಲ್ಲಿ ನಡೆಯುತ್ತಾ ಕೂಗುತ್ತಿದ್ದೆ.

ವೇಗದ ಈ ಮಾತು ದಾರಿ ಬಳಸುವವರಿಗೂ ಸೇರುತ್ತದೆ. 2007ರಲ್ಲಿ ಭೌತವಿಜ್ಞಾನಿಗಳು ತಿರುಗುವ ಮೇಜಿನ ಮೇಲೆ ಮರಳು ಹಾಸಿ ಸಾದಾ ಗಾಲಿ ಉರುಳಿಸಿ ಒಂದು ಪ್ರಯೋಗ ಮಾಡಿ ತೋರಿಸಿದ್ದಾರೆ. ಗಾಲಿಗೆ ಸ್ಪ್ರಿಂಗ್ ಇಲ್ಲದಿದ್ದರೂ ಅಲೆ ಏಳುತ್ತದೆ, ಆದರೆ ಒಂದು ವೇಗ ದಾಟಿದರೆ ಮಾತ್ರ. ಅದರ ಕೆಳಗೆ ಎಷ್ಟು ಸಲ ಉರುಳಿಸಿದರೂ ನೆಲ ಸಮವೇ ಇರುತ್ತದೆ. ನಮ್ಮ ದಾರಿಯಲ್ಲೂ ಅದನ್ನು ಕಣ್ಣಾರೆ ನೋಡಬಹುದು. ಹಳ್ಳದ ಹತ್ತಿರದ ಇಕ್ಕಟ್ಟಿನಲ್ಲಿ ಎಲ್ಲರೂ ಕಾಲ್ನಡಿಗೆಯ ವೇಗಕ್ಕೆ ಇಳಿಯುತ್ತಾರೆ, ಅಲ್ಲಿ ಅಲೆ ಇಲ್ಲ. ಅದರ ಆಚೆ 600 ಮೀಟರ್ ನೇರ ದಾರಿ, ಅಲ್ಲಿ ಎಲ್ಲರೂ ಜೋರಾಗಿ ಓಡಿಸುತ್ತಾರೆ, ಪೂರ್ತಿ ಪತ್ರಾ.

ಗಟ್ಟಿ ಅಚ್ಚು ಒಡೆಯಲು ಮುಂದೆ ಹಲ್ಲು ಬೇಕಾಯಿತು. ಹಳೆ ಕಲ್ಟಿವೇಟರಿನ ಏಳು ಕುಳ ತಂದು ಮೊದಲ ಬ್ಲೇಡಿನ ಮುಂದೆ ಒಂದು ಅಡ್ಡ ಚಾನಲ್ಲಿಗೆ ಬೋಲ್ಟ್ ಮಾಡಿದೆವು. ಹಿಮ ಗಡ್ಡೆಕಟ್ಟುವ ಕಡೆ ಅವರೂ ಗರಗಸದ ಹಲ್ಲಿನ ಬ್ಲೇಡ್ ಹಾಕುತ್ತಾರೆ, ಕಾರಣ ಅದೇ.

ಆಮೇಲೆ ಕಾದೆವು. ಇದು ಎಲ್ಲಕ್ಕಿಂತ ಕಷ್ಟ. ದುಡ್ಡು ಕೊಟ್ಟ ಮನೆಯವರು ಕೇಳುತ್ತಿದ್ದರು, ಯಂತ್ರ ಬಂದು ನಿಂತಿದೆ, ಯಾಕೆ ಎಳೆಯುತ್ತಿಲ್ಲ ಅಂತ. ಟ್ಯಾಂಕರ್ ತಂದು ನೀರು ಬಿಡೋಣ ಅಂದರು. ಲೆಕ್ಕ ಹಾಕಿ ತೋರಿಸಿದೆ. 2.2 ಕಿಲೋಮೀಟರ್ ಉದ್ದ, 3.2 ಮೀಟರ್ ಅಗಲ ಅಂದರೆ 7,040 ಚದರ ಮೀಟರ್. 5,000 ಲೀಟರಿನ ಒಂದು ಟ್ಯಾಂಕರ್ ಅದಕ್ಕೆ ಮುಕ್ಕಾಲು ಮಿಲಿಮೀಟರ್ ಕೂಡ ಆಗುವುದಿಲ್ಲ, ಧೂಳು ಅಡಗುತ್ತದೆ ಅಷ್ಟೆ. ಒಂದು ಒಳ್ಳೆಯ ಮಳೆ ಬಂದರೆ ಇಪ್ಪತ್ತು ಮೂವತ್ತು ಟ್ಯಾಂಕರಿನ ಕೆಲಸ ತಾನೇ ಮಾಡುತ್ತದೆ. ಹದ ನೋಡಿ ಹರಗಬೇಕು ಅಂತ ಅಪ್ಪ ಹೇಳುತ್ತಿದ್ದ, ಹದ ತಪ್ಪಿದರೆ ಎತ್ತೂ ದಣಿಯುತ್ತದೆ, ನೆಲವೂ ಕೆಡುತ್ತದೆ. ನಾನು ಬ್ಲೇಡಿನ ಕೋನಕ್ಕೆ ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದೆ, ಹದದ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ಹೋಟನ್‌ನ ಆ ಹಿರಿಯರು ಮೂರು ಸಲ ಹೇಳಿದ್ದೂ ಇದನ್ನೇ ಅಲ್ವಾ? ಅವರಿಗೆ ಹದ ಕೊಡುವುದು ಚಳಿ, ನಮಗೆ ಕೊಡುವುದು ನೀರು.

ಮೇ ತಿಂಗಳ ಕೊನೆಯ ವಾರ ರೋಹಿಣಿ ಮಳೆ ಬಿತ್ತು. ಗುರುವಾರ ಸಂಜೆ ಒಂದೂವರೆ ಗಂಟೆ ಸುರಿಯಿತು. ಭಾವ ರಾತ್ರಿಯೇ ಫೋನ್ ಮಾಡಿದರು, "ನಾಳೆ ಮುಂಜಾನೆ ಬರ್ರಿ." ನಾಳೆ ಬೇಡ, ನೀರು ಇಳಿಯಲಿ ಅಂದೆ. ಶುಕ್ರವಾರ ಹಾಗೇ ಬಿಟ್ಟೆವು. ಶನಿವಾರ ಮಧ್ಯಾಹ್ನ ಹೋಗಿ ಹಾರೆಯಿಂದ ನಾಲ್ಕು ಬೆರಳು ಅಗೆದು ಒಂದು ಹಿಡಿ ಮುರುಮು ತೆಗೆದೆ. ಮುಷ್ಟಿಯಲ್ಲಿ ಒತ್ತಿದೆ, ಉಂಡೆಯಾಯಿತು. ಅಂಗೈಗೆ ಕೆಂಪು ಹತ್ತಿತು, ನೀರು ಹತ್ತಲಿಲ್ಲ. ಸೊಂಟದ ಎತ್ತರದಿಂದ ಕೈಬಿಟ್ಟೆ, ಉಂಡೆ ಎರಡು ಮೂರು ಹೋಳಾಯಿತು, ಪುಡಿಯಾಗಲಿಲ್ಲ, ಚಪ್ಪಟೆಯೂ ಆಗಲಿಲ್ಲ. ಇಷ್ಟಾದರೆ ಹದ.

ಸಂಜೆ ನಾಲ್ಕಕ್ಕೆ ಶುರು ಮಾಡಿದೆವು. ಮೊದಲ ಸುತ್ತು ಕುಳ ಇಳಿಸಿ. ಈ ಸಲ ಕಿರ್ ಸದ್ದಿಲ್ಲ, ಹಸಿ ತೆಂಗಿನಕಾಯಿ ತುರಿದ ಹಾಗೆ ಮೆತ್ತನೆ ಸದ್ದು. ಹಿಂದೆ ನಡೆಯುತ್ತಾ ನೋಡಿದೆ. ಕುಳ ಎಬ್ಬಿಸಿದ ಹೆಂಟೆ ಮೊದಲ ಬ್ಲೇಡಿಗೆ ಬಂದು, ಸುರುಳಿ ಸುರುಳಿಯಾಗಿ ಬಲಕ್ಕೆ ಹರಿದು, ಎರಡನೆಯದಕ್ಕೆ ಸಿಕ್ಕಿ ಎಡಕ್ಕೆ ತಿರುಗಿ, ಪ್ಯಾನ್ ಕೆಳಗೆ ಹೋಗುವಷ್ಟರಲ್ಲಿ ಕಾಳಿನಷ್ಟು ಸಣ್ಣದಾಗಿತ್ತು. ಎರಡನೇ ಸುತ್ತು ಕುಳ ಬಿಚ್ಚಿ, ಪ್ಯಾನ್ ಮೇಲೆ 50 ಕಿಲೋದ ನಾಲ್ಕು ಮರಳಿನ ಚೀಲ ಇಟ್ಟು. ಮೂರನೇ ಸುತ್ತಿಗೆ ಎಳೆಯುವ ಪಿನ್ನನ್ನು ಮಧ್ಯದಿಂದ 15 ಸೆಂ.ಮೀ. ಪಕ್ಕಕ್ಕೆ ಹಾಕಿದೆ. ಆಗ ಡ್ರ್ಯಾಗ್ ಸ್ವಲ್ಪ ಓರೆಯಾಗಿ ನಡೆದು ಅಂಚಿನ ಮುರುಮನ್ನು ನಡುವಿಗೆ ತರುತ್ತದೆ. ದಾರಿಯ ನಡು ಅಂಚಿಗಿಂತ ಐದಾರು ಸೆಂ.ಮೀ. ಎತ್ತರ ಇದ್ದರೆ ನೀರು ನಿಲ್ಲುವುದಿಲ್ಲ. ನೀರು ನಿಂತರೆ ಬೇರೆ ಏನು ಮಾಡಿದರೂ ವ್ಯರ್ಥ. ಏಳೂಕಾಲಿಗೆ ಕತ್ತಲಾಯಿತು, ಕೊನೆಯ 400 ಮೀಟರ್ ಟ್ರ್ಯಾಕ್ಟರ್ ದೀಪದಲ್ಲೇ ಮುಗಿಸಿದೆವು.

ಇನ್ನು ರಾತ್ರಿ ಯಾರೂ ಹಾಯಬಾರದು. ಮುರುಮಿನಲ್ಲಿರುವ ಜೇಡಿಯ ಅಂಶ ನೀರು ಬಿಡುತ್ತಾ ಬಿಡುತ್ತಾ ಕಲ್ಲಿನ ಹರಳುಗಳನ್ನು ಹಿಡಿದುಕೊಳ್ಳುತ್ತದೆ, ಅದಕ್ಕೆ ಹೊತ್ತು ಬೇಕು. ಹಿಮದಲ್ಲಿ ಆಗುವುದು ಬೇರೆ ಥರ, ಬೇಕಾಗುವುದು ಅದೇ ಸುಮ್ಮನಿರುವ ರಾತ್ರಿ. ಭಾವನಿಗೆ ಅನುಮಾನ. "ರಾತ್ರಿ ಗಾಡಿ ತರಬ್ಯಾಡ್ರಿ ಅಂದ್ರ ಕೇಳತಾರೇನ್ರಿ?" ಅಂದರು. ಹನ್ನೊಂದೂ ಮನೆಗೆ ನಾವಿಬ್ಬರೂ ನಡೆದುಕೊಂಡೇ ಹೋಗಿ ಹೇಳಿ ಬಂದೆವು, ಎರಡು ತುದಿಗೆ ಹಗ್ಗ ಕಟ್ಟಿ ಕೆಂಪು ಬಟ್ಟೆ ಸಿಕ್ಕಿಸಿದೆವು.

ನಾನು ಆ ರಾತ್ರಿ ತೋಟದಲ್ಲೇ ಮಲಗಿದ್ದೆ. ಬೆಳಗಿನ ಜಾವ ನಾಲ್ಕೂವರೆಗೆ ಕ್ಯಾನಿನ ಸದ್ದು ಕೇಳಿ ಎದ್ದು ಹೊರಗೆ ಬಂದೆ. ಹಾಲಿನ ಹುಡುಗ. ಬೈಕ್ ಎಂಜಿನ್ ಆಫ್ ಮಾಡಿ, ಎರಡೂ ಕಡೆ ತುಂಬಿದ ಕ್ಯಾನ್ ಇರುವ ಗಾಡಿಯನ್ನು ದಾರಿಯ ಹೊರಗಿನ ಹುಲ್ಲಿನ ಅಂಚಿನ ಮೇಲೆ ತಳ್ಳಿಕೊಂಡು ಹೋಗುತ್ತಿದ್ದಾನೆ. ಒಂದು ಕೈಯಲ್ಲಿ ಹ್ಯಾಂಡಲ್, ಒಂದು ಕೈ ಕ್ಯಾನಿನ ಮುಚ್ಚಳದ ಮೇಲೆ. ಅಲ್ಲಿಂದ ಡಾಂಬರಿಗೆ ಇನ್ನೂ ಒಂದು ಕಿಲೋಮೀಟರ್ ಮೇಲಿತ್ತು. ನಾನು ಓಡಿ ಹೋಗಿ ಹಿಂದಿನಿಂದ ಹಿಡಿದೆ. ಇಬ್ಬರೂ ಮಾತಿಲ್ಲದೆ ಹಗ್ಗದ ತನಕ ತಳ್ಳಿದೆವು. ಅವನಿಗೆ ದಾರಿ ಎಷ್ಟು ಬೇಕಿತ್ತು ಅಂತ ನನಗೆ ಆವತ್ತು ಗೊತ್ತಾಯಿತು.

ಒಂದೇ ಕಡೆ ಮಾತು ನಡೆಯಲಿಲ್ಲ. ಡಾಂಬರಿನ ಕಡೆಯ ಮೊದಲ 300 ಮೀಟರಿನಲ್ಲಿ ಸಂಜೆ ನಾವು ಮುಗಿಸಿ ಆಚೆ ಹೋದ ಮೇಲೆ, ಹಗ್ಗ ಕಟ್ಟುವುದರೊಳಗೆ, ಇಟ್ಟಿಗೆ ತುಂಬಿದ ಟ್ರಾಲಿ ಎರಡು ಸಲ ಹೋಗಿ ಬಂದಿತ್ತು. ಆಗ ತುಂಬಾ ಬೇಜಾರಾಯಿತು. ಆದರೆ ಮೂರು ವಾರ ಬಿಟ್ಟು ಅಳೆಯುವಾಗ ಅದೇ ಹೋಲಿಕೆಗೆ ಸಿಕ್ಕಿತು. 3 ಮೀಟರಿನ ನೇರ ಪೈಪ್ ದಾರಿಯ ಉದ್ದಕ್ಕೆ ಇಟ್ಟು ಕೆಳಗಿನ ಸಂದು ನೋಡಿದೆ. ರಾತ್ರಿ ಸುಮ್ಮನೆ ಬಿಟ್ಟ ಕಡೆ ಒಂದೂವರೆ ಸೆಂ.ಮೀ. ದಾಟಿರಲಿಲ್ಲ. ಆ 300 ಮೀಟರಿನಲ್ಲಿ ಮೂರು ಸೆಂ.ಮೀ., ಉಬ್ಬು ತಗ್ಗು ಕಣ್ಣಿಗೇ ಕಾಣುತ್ತಿತ್ತು. ಅದೇ ಮುರುಮು, ಅದೇ ಬ್ಲೇಡು, ಅದೇ ಸಂಜೆ.

ಜೋರು ಮಳೆಗಾಲದಲ್ಲಿ ಕೈ ಹಾಕಲಿಲ್ಲ, ಕೆಸರಿನಲ್ಲಿ ಎಳೆದರೆ ದಾರಿ ಗದ್ದೆಯಾಗುತ್ತದೆ. ಜುಲೈ ಆಗಸ್ಟ್‌ನಲ್ಲಿ ಅಂಚಿನ ಕಾಲುವೆಯಲ್ಲಿ ತುಂಬಿದ ಮಣ್ಣನ್ನು ಸಲಿಕೆಯಿಂದ ತೆಗೆದದ್ದು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಸೆಪ್ಟೆಂಬರ್ ಕೊನೆಗೆ ಒಂದು ಸಲ, ದಸರೆ ಆದ ಮೇಲೆ ಬಂದ ಮಳೆಗೆ ಒಂದು ಸಲ ಎಳೆದೆವು, ಕುಳ ಬೇಕಾಗಲಿಲ್ಲ, ಎರಡು ಗಂಟೆಯಲ್ಲಿ ಮುಗಿಯಿತು. ಸಣ್ಣದಿದ್ದಾಗಲೇ ಎಳೆದರೆ ಡೀಸೆಲ್ ಅರ್ಧ.

ಈಗ ಲೆಕ್ಕ ಇಷ್ಟು. ಸ್ಕಿಡ್ಡಿನ ಪಟ್ಟಿ 12ರಿಂದ 9 ಎಂಎಂಗೆ ಇಳಿದಿದೆ, ಬಲಗಡೆಯದು ಜಾಸ್ತಿ ಸವೆದಿದೆ. ಮುಂದಿನ ಬ್ಲೇಡನ್ನು ಬಿಚ್ಚಿ ಮೇಲೆ ಕೆಳಗೆ ಮಾಡಿ ಹಾಕಬೇಕು, ಇನ್ನೊಂದು ಅಂಚು ಪೂರ್ತಿ ಇದೆ. ಜ್ಯಾಕಿನ ಸ್ಕ್ರೂಗೆ ಧೂಳು ಹೋಗದ ಹಾಗೆ ಹಳೆ ಟ್ಯೂಬ್ ಸುತ್ತಿದ್ದೇನೆ, ನಿಲ್ಲುತ್ತದಾ ನೋಡಬೇಕು. ಈ ಮಾರ್ಚಿನಲ್ಲಿ ಭಾವ ಮೊದಲ ಕೊಯ್ಲಿನ ಬುಟ್ಟಿಗಳನ್ನು ಟೆಂಪೋದಲ್ಲಿ ಇಟ್ಟು ಡಾಂಬರಿನ ತನಕ ಬಂದು, ಅಲ್ಲೇ ಇಳಿದು, ಮೇಲಿನ ಎಲೆ ಸರಿಸಿ ಒಂದೊಂದೇ ಹಣ್ಣು ಮುಟ್ಟಿ ನೋಡಿದರು. 14 ಬುಟ್ಟಿಯಲ್ಲಿ ಸೀಳಿದ್ದು ಐದು ಹಣ್ಣು. ಆ ಐದನ್ನು ಅಲ್ಲೇ ನಿಂತು ನಾವು ತಿಂದೆವು.